ಗೀರುಗಳ ಲೆಕ್ಕ

ಬಿಡದಿಯಲ್ಲಿ ಕಾರಿನ ಭಾಗಗಳಿಗೆ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಚನ್ನಪಟ್ಟಣದಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದೆ. ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೇ ಮೈ ಸೋತಿರುತ್ತಿತ್ತು.

ಅಲ್ಲಿದ್ದವರು ನಾವಿಬ್ಬರೇ. ಇನ್ನೊಬ್ಬಳು ಉಯ್ಯಂಬಳ್ಳಿ ಕಡೆಯಿಂದ ಬಿಡದಿ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳು, ನನಗಿಂತ ದೊಡ್ಡವಳು. ಅಕ್ಕ ಎನ್ನುತ್ತಿದ್ದೆ. ಎರಕದಿಂದ ಕತ್ತರಿಸಿದ ತುಣುಕನ್ನು ನೀರು ಬೀಳುತ್ತಿರುವ ಚಕ್ರದ ಮೇಲೆ ಬೆರಳಲ್ಲಿ ಒತ್ತಿ ಹಿಡಿದು, ಒರಟು ಎಮರಿ ಪೇಪರಿನಿಂದ ಶುರುಮಾಡಿ ನುಣುಪಾದದ್ದರವರೆಗೆ ಉಜ್ಜಿ, ಕೊನೆಗೆ ಬಟ್ಟೆಯ ಮೇಲೆ ಕನ್ನಡಿಯಂತೆ ಹೊಳೆಯಿಸುವುದು ಅವಳ ಕೆಲಸ. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಬ್ಬಿಣದೊಳಗಿನ ಗ್ರಾಫೈಟ್ ನೋಡುವುದು ನನ್ನದು. ಗ್ರಾಫೈಟ್ ದುಂಡು ಚುಕ್ಕೆಗಳಾಗಿದ್ದರೆ ಎರಕ ಗಟ್ಟಿ, ಉದ್ದುದ್ದ ಎಳೆಗಳಾಗಿದ್ದರೆ ಬಿರುಕು ಬಿಡುವ ಭಯ. ಗೋಡೆಯ ಮೇಲಿನ ಮಾದರಿ ಚಿತ್ರಗಳಿಗೆ ಕಣ್ಣಿನಲ್ಲೇ ಹೋಲಿಸಿ ವರದಿ ಬರೆಯುತ್ತಿದ್ದೆ.

ಒಂದು ದಿನ, ಕಣ್ಣಂದಾಜು ಸಾಲದು, ದುಂಡು ಚುಕ್ಕೆಗಳೆಷ್ಟೆಂದು ಕಂಪ್ಯೂಟರ್ ಎಣಿಸಿದ ಶೇಕಡಾವಾರು ಬೇಕು ಎಂದು ನಮ್ಮ ಮಾಲು ಕೊಳ್ಳುವವರು ಹೇಳಿದರು. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಬಂತು, ಅದರ ಸಾಫ್ಟ್‌ವೇರ್ ಬಂತು. ಅದು ಚಿತ್ರ ತೆಗೆಯುತ್ತಿತ್ತು, ಎಣಿಸುತ್ತಿರಲಿಲ್ಲ.

"ಎಣಿಸೋ ಪ್ರೋಗ್ರಾಂ ಇಂಟರ್ನೆಟ್ಟಲ್ಲಿ ಫ್ರೀ ಸಿಗುತ್ತಂತೆ. ಎರಡನ್ನೂ ಜೋಡಿಸಿಬಿಡಮ್ಮ, ನೀನು ಬಿ.ಎಸ್ಸಿ. ಅಲ್ವಾ?" ಎಂದರು ಮ್ಯಾನೇಜರ್.

ಕ್ಯಾಮೆರಾದ ಸಾಫ್ಟ್‌ವೇರಿನಲ್ಲಿ ಹೊರಗಿನ ಪ್ರೋಗ್ರಾಮಿನ ವಿಳಾಸ ಕೊಡಲು ಜಾಗವಿತ್ತು. ವಿಳಾಸ ಕೊಟ್ಟು ಬಟನ್ ಒತ್ತಿದರೆ ಚಿತ್ರ ನೇರ ಅಲ್ಲಿಗೆ ಹೋಗಬೇಕು. ಒತ್ತಿದೆ. ಪ್ರೋಗ್ರಾಂ ತೆರೆದುಕೊಂಡಿತು, ಚಿತ್ರ ಬರಲಿಲ್ಲ. ಚಿತ್ರ ಬರುವಂತೆ ಮಾಡಿದ ಮೇಲೆ ಅಳತೆ ಬರಲಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್ ಎಂದರೇನೆಂದೇ ಅದಕ್ಕೆ ತಿಳಿಯದು. ಅಳತೆ ಕಾಣಲೆಂದು ಚಿತ್ರದ ಮೂಲೆಯಲ್ಲಿ ಸ್ಕೇಲಿನ ಕಪ್ಪು ಗೆರೆ ಹಾಕಿಸಿದರೆ, ಅದನ್ನೂ ದೊಡ್ಡದೊಂದು ಗ್ರಾಫೈಟ್ ಎಳೆಯೆಂದು ಎಣಿಸಿತು. ಕ್ಯಾಮೆರಾ ಮಾರಿದವರಿಗೆ ಫೋನ್ ಮಾಡಿದೆ. "ಆ ಪ್ರೋಗ್ರಾಂ ನಮ್ಮದಲ್ಲ ಮೇಡಂ" ಎಂದರು. ಫ್ರೀ ಪ್ರೋಗ್ರಾಮಿನವರಿಗೆ ಮಾಡೋಣವೆಂದರೆ ಫೋನ್ ನಂಬರೇ ಇರಲಿಲ್ಲ. ವಾರಗಟ್ಟಲೆ ಅದೇ ಕೆಲಸ. ಮನೆಗೆ ಹೋಗಿ ಕಣ್ಣು ಮುಚ್ಚಿದರೂ ಕಪ್ಪು ಚುಕ್ಕೆಗಳು.

ಕೊನೆಗೆ ಸ್ಕೇಲಿನ ಗೆರೆ ತೆಗೆಸಿ ಬರೀ ಚಿತ್ರವನ್ನು ಕಳಿಸಿದೆ. ಗೊತ್ತಿರುವ ಅಂತರದಲ್ಲಿ ಸಣ್ಣ ಗೀಟುಗಳನ್ನು ಕೊರೆದ ಗಾಜಿನ ಪಟ್ಟಿಯೊಂದರ ಚಿತ್ರ ತೆಗೆದು, ಅದರಿಂದ ಎಣಿಸುವ ಪ್ರೋಗ್ರಾಮಿಗೆ ಅಳತೆ ಕಲಿಸಿದೆ. ಕೆಲಸ ಆಯಿತು. ಮ್ಯಾನೇಜರ್ ಬಂದು ನೋಡಿ, "ಭೇಷ್" ಎಂದವರು ಮಾರನೆಯ ದಿನವೇ ಸ್ಯಾಂಪಲ್‌ಗಳನ್ನು ದುಪ್ಪಟ್ಟು ಮಾಡಿದರು.

ಅಕ್ಕನ ಕಷ್ಟ ಶುರುವಾದದ್ದು ಆಗಲೇ. ಉಜ್ಜುವಾಗ ಉಳಿಯುವ ಸಣ್ಣ ಗೀರುಗಳನ್ನು ನನ್ನ ಕಣ್ಣು ನೋಡಿಯೂ ಬಿಟ್ಟುಬಿಡುತ್ತಿತ್ತು. ಪ್ರೋಗ್ರಾಂ ಬಿಡಲಿಲ್ಲ. ಒಂದೊಂದು ಗೀರೂ ಅದಕ್ಕೆ ಒಂದೊಂದು ಎಳೆ. ಒಳ್ಳೆಯ ಎರಕವೂ ಕೆಟ್ಟದ್ದೆಂದು ಬರತೊಡಗಿತು. ತುಣುಕುಗಳನ್ನು ಮತ್ತೆ ಮತ್ತೆ ಅವಳಿಗೇ ವಾಪಸ್ಸು ಕೊಡಬೇಕಾಯಿತು.

"ಮೊನ್ನೆಗಂಟ ಹಿಂಗೇ ಉಜ್ಜಿದ್ರೆ ಚೆಂದಾಗೈತೆ ಅಂತಿದ್ದೆ. ಈಗೇನ್ ಬಂತವ್ವ?"

"ನಾನಲ್ಲಕ್ಕ. ಕಂಪ್ಯೂಟ್ರು ಒಪ್ತಾ ಇಲ್ಲ."

"ಅದು ಕೂತ್ಕಂಡು ಹೇಳ್ತದೆ. ಕೈ ನಂದಲ್ವಾ?"

ಉದ್ದಗೆ ತೆಳ್ಳಗಿರುವುದನ್ನೆಲ್ಲ ಬಿಟ್ಟು ಎಣಿಸು ಎಂದು ಪ್ರೋಗ್ರಾಮಿಗೆ ಹೇಳಿ ನೋಡಿದೆ. ಗೀರುಗಳು ಮಾಯವಾದವು. ಆದರೆ ನಿಜವಾಗಿ ಕೆಟ್ಟಿದ್ದ ಒಂದು ತುಣುಕೂ ಒಳ್ಳೆಯದೆಂದು ಪಾಸಾಯಿತು. ಅದರ ಎಳೆಗಳೂ ಉದ್ದಗೆ ತೆಳ್ಳಗೇ ಇದ್ದವಲ್ಲ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದಾಗಲೇ ಅದು ಗೊತ್ತಾದದ್ದು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ. ಉಜ್ಜದೆ ಬೇರೆ ಗತಿಯಿರಲಿಲ್ಲ.

ಆ ಮಳೆಗಾಲದಲ್ಲಿ ಗೇಟಿನ ಬಳಿ ಹಾಜರಿಗೆ ಬೆರಳೊತ್ತುವ ಯಂತ್ರ ಹಾಕಿದರು. ಅಕ್ಕ ಒತ್ತಿದರೆ ಕೆಂಪು ದೀಪ. ಸೀರೆಗೆ ಒರೆಸಿ ಒತ್ತಿದರೂ ಕೆಂಪು ದೀಪ. ಹಿಂದೆ ನಿಂತವರು ಗೊಣಗತೊಡಗಿದರು. ನಾನು ಅವಳ ಕೈ ಹಿಡಿದು ನೋಡಿದೆ. ಬೆರಳ ತುದಿಗಳಲ್ಲಿ ಗೆರೆಯೇ ಇರಲಿಲ್ಲ; ಚರ್ಮ ತೆಳ್ಳಗೆ, ನುಣ್ಣಗೆ, ಕೆಂಪಗೆ.

ನೇರ ಮ್ಯಾನೇಜರ್ ಹತ್ತಿರ ಹೋದೆ. "ಸಾರ್, ಅಕ್ಕನ ಬೆರಳಚ್ಚು ಸವೆದುಹೋಗಿದೆ. ಸ್ಯಾಂಪಲ್ ಕಡಿಮೆ ಮಾಡಿ, ಇಲ್ಲ ಇನ್ನೊಬ್ಬರನ್ನ ಕೊಡಿ."

ಅವರು ಕಡತದಿಂದ ತಲೆಯೆತ್ತಲಿಲ್ಲ. "ಬೇರೆ ಬೆರಳು ಇಡೋಕೆ ಹೇಳಮ್ಮ."

ಅಂದಿನಿಂದ ಮಧ್ಯಾಹ್ನದ ಮೇಲೆ ನಾನೂ ಚಕ್ರದ ಮುಂದೆ ನಿಂತೆ. ನನಗೆ ಅವಳಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನಾನು ಉಜ್ಜಿದ್ದರಲ್ಲಿ ಅರ್ಧ ಮತ್ತೆ ಉಜ್ಜಬೇಕಾಗುತ್ತಿತ್ತು. ಆದರೂ ಅಷ್ಟು ಹೊತ್ತು ಅವಳ ಕೈ ಒಣಗುತ್ತಿತ್ತು. ಅವಳ ತವರಿನ ಕುರಿಗಳ ಮಾತು, ಅವಳ ಅತ್ತೆಯ ಮಾತು ಆಡುತ್ತಿದ್ದೆವು.

ಸಂಕ್ರಾಂತಿಗೆ ರಜೆ ಹಾಕಿ ಹೋಗುವಾಗ ಅವಳು ಬಾಗಿಲಲ್ಲಿ ನಿಂತಳು. "ಬತ್ತೀನಿ ಕಣವ್ವ. ಒಸಿ ದಿನ ಕೈ ವಾಸಿಯಾಗ್ಲಿ." ಮತ್ತೆ ಕೆಲಸಕ್ಕೆ ಬರಲಿಲ್ಲ. ಅವಳ ಜಾಗಕ್ಕೆ ಬರಲು ಯಾರೂ ಒಪ್ಪದಿದ್ದಾಗ, ತಾನೇ ಉಜ್ಜುವ ಯಂತ್ರವೊಂದನ್ನು ತರಿಸಿದರು.

ಆಮೇಲೊಮ್ಮೆ ಸಂಜೆ ಬಿಡದಿ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. ಗಂಡನ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದಳಂತೆ. ನಾನು ಅವಳ ಕೈ ನೋಡಲು ಹೋದರೆ ಅವಳು ನನ್ನ ಮುಖ ನೋಡುತ್ತಿದ್ದಳು.

"ಕಣ್ಣೇನವ್ವ ಹಿಂಗ್ ಕೆಂಪಗಾಗವೆ? ದಿನಾ ಆ ಕಂಪ್ಯೂಟ್ರು ಟೀವಿ ನೋಡ್ಕಂಡೇ ಕೂತಿರ್ತೀಯಾ ಇನ್ನೂವೆ?"

"ಇನ್ಯಾರು ನೋಡ್ತಾರಕ್ಕ?"

"ಯಾರೋ ನೋಡ್ಕತಾರೆ. ನಾಳೀಕೆ ಹೋಗ್ಬ್ಯಾಡ, ಬುಟ್ಬುಡು."

ಮಾರನೆಯ ದಿನ ರಜೆ ಹಾಕಿದೆ. ಕಾರಣ ಕೇಳಿದ ಮ್ಯಾನೇಜರಿಗೆ ಸುಸ್ತು ಎಂದಷ್ಟೇ ಹೇಳಿ ಫೋನಿಟ್ಟು, ಮಧ್ಯಾಹ್ನದವರೆಗೆ ಮಲಗಿದೆ.