ಒಂದೇ ಸಲ ಕಂಡ ಚುಕ್ಕಿಗಳು

ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದೆ. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಂಬದವಳು ನಾನು. ಸಂಡೂರಿನ ನಮ್ಮ ಮನೆಯಲ್ಲಿ ಇವಕ್ಕೇನೂ ಬರವಿರಲಿಲ್ಲ. ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ, ತೀರಿಕೊಂಡ ಗೆಳೆಯನೊಬ್ಬ ಗುಡ್ಡದ ತಿರುವಿನಲ್ಲಿ ಲಾರಿಗೆ ಕೈ ಅಡ್ಡ ಮಾಡಿ ನಿಂತಿದ್ದನ್ನು ಹೇಳುತ್ತಿದ್ದ. ಸೋದರತ್ತೆ ತನಗೆ ಬಿದ್ದ ಕನಸು ನಿಜವಾದದ್ದನ್ನು ಹೇಳುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ ಎಲ್ಲರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಆಗ ಬೆಳಕು ಎಷ್ಟಿತ್ತು? ನೀನಲ್ಲದೆ ಬೇರೆ ಯಾರು ನೋಡಿದರು? ಸುಳ್ಳಾದ ಕನಸುಗಳ ಸುದ್ದಿ ಯಾಕೆ ಎತ್ತುವುದಿಲ್ಲ? "ಇಕಿಗೆ ಲೆಕ್ಕ ಕಲಿಸಿದ್ದ ತಪ್ಪಾತು ನೋಡ್ರಿ" ಎಂದು ಅಪ್ಪ ನಗುತ್ತಿದ್ದ. ಮುಂದೆ ನಾನು ಗಣಿತವನ್ನೇ ಓದಿ, ಹೊಸಪೇಟೆಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುವ ಕೆಲಸಕ್ಕೆ ಸೇರಿದೆ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ಆಗ ನಾನು ಕಾಲೇಜಿನಲ್ಲಿ ಕಲಿಸುತ್ತಲೇ ಪಿಎಚ್.ಡಿ. ಮಾಡುತ್ತಿದ್ದೆ. ವೇವ್‌ಲೆಟ್ ಎಂಬ ಗಣಿತದಿಂದ ಸ್ತನದ ಎಕ್ಸ್‌ರೇ ಚಿತ್ರಗಳನ್ನು, ಅಂದರೆ ಮ್ಯಾಮೋಗ್ರಾಂಗಳನ್ನು, ಸ್ಪಷ್ಟ ಮಾಡುವುದು ನನ್ನ ವಿಷಯ. ವೇವ್‌ಲೆಟ್ ಅಂದರೇನು ಎಂದು ಯಾರಾದರೂ ಕೇಳಿದರೆ ಹಂಪಿಯನ್ನೇ ತೋರಿಸುತ್ತಿದ್ದೆ. ಮಾತಂಗ ಬೆಟ್ಟದ ಮೇಲೆ ನಿಂತರೆ ಹಂಪಿ ಬಜಾರ್ ಉದ್ದಕ್ಕೆ ಎಳೆದ ಒಂದು ಗೆರೆ. ಕೆಳಗಿಳಿದು ಕಂಬಕ್ಕೆ ಮುಖ ಒಡ್ಡಿದರೆ ಕಲ್ಲಿನ ಮೇಲಿನ ಉಳಿಯ ಗುರುತು ಕೂಡ ಕಾಣುತ್ತದೆ, ಆದರೆ ಬೀದಿ ಮರೆಯಾಗುತ್ತದೆ. ಈ ಗಣಿತ ಒಂದೇ ಚಿತ್ರವನ್ನು ದೂರದ ನೋಟ, ನಡುವಿನ ನೋಟ, ಹತ್ತಿರದ ನೋಟ ಎಂದು ಪದರ ಪದರವಾಗಿ ಬಿಡಿಸಿಕೊಡುತ್ತದೆ. ಬೇಡದ ಮಬ್ಬನ್ನು ತೆಗೆದು ಪದರಗಳನ್ನು ಮತ್ತೆ ಜೋಡಿಸಿದರೆ ಅಡಗಿದ್ದ ಸಣ್ಣ ವಿವರ ಎದ್ದು ಕಾಣುತ್ತದೆ. ಸ್ತನದ ಕ್ಯಾನ್ಸರ್ ಕೆಲವೊಮ್ಮೆ ಗಂಟಾಗುವುದಕ್ಕೆ ಮೊದಲೇ ಸುಣ್ಣದ ಸಣ್ಣ ಕಣಗಳಾಗಿ ತೋರುತ್ತದೆ. ನಾನು ಹುಡುಕುತ್ತಿದ್ದದ್ದು ಅವನ್ನೇ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಿತ್ರದೊಳಗೆ ಇರುವುದನ್ನು ಈ ಗಣಿತ ಎತ್ತಿ ತೋರಿಸಬಲ್ಲದು, ಇಲ್ಲದ ಹೊಸ ಸಂಗತಿಯನ್ನು ತರಲಾರದು. ಅಂಚುಗಳ ಬಳಿ ಸುಳ್ಳು ಗೆರೆಗಳು ಮೂಡುವುದುಂಟು. ಆದರೆ ಅವು ಕೂಡ ಅದೇ ಚಿತ್ರಕ್ಕೆ, ಅದೇ ಸೂತ್ರಕ್ಕೆ ಪ್ರತಿ ಸಲವೂ ಅದೇ ಜಾಗಗಳಲ್ಲಿ ಮೂಡುತ್ತವೆ. ಎರಡು ಮತ್ತು ಎರಡು ಇವತ್ತು ನಾಲ್ಕಾಗಿ ನಾಳೆ ಐದಾಗುವುದಿಲ್ಲವಲ್ಲ, ಹಾಗೆ.

ನನ್ನ ಕೆಲಸಕ್ಕೆ ಆರೋಗ್ಯವಂತ ಹೆಂಗಸರ ಚಿತ್ರಗಳೂ ಬೇಕಾಗಿದ್ದವು. ಹೊಸಪೇಟೆಯ ರೇಡಿಯಾಲಜಿಸ್ಟ್ ಒಬ್ಬರು ನೆರವಾಗಲು ಒಪ್ಪಿದ್ದರು. ನಾವೆಲ್ಲ ಅವರನ್ನು ಡಾಕ್ಟರ್ ಮೇಡಂ ಎನ್ನುತ್ತಿದ್ದೆವು. ನಲವತ್ತು ದಾಟಿದ, ತಾವಾಗಿಯೇ ಒಪ್ಪುವ ಹೆಂಗಸರನ್ನು ಕರೆತನ್ನಿ ಎಂದರು. ಕೇಳಿದವರೆಲ್ಲ ನಾಚಿಕೊಂಡು ಜಾರಿಕೊಂಡರು. ಹೂಂ ಎಂದವರು ನಮ್ಮ ಅತ್ತಿಗೆ ಹುಲಿಗೆಮ್ಮ.

ಅತ್ತಿಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮನೆ ಕಂಪ್ಲಿಯಲ್ಲಿ, ಓಡಾಟ ಕಂಪ್ಲಿ–ಹೊಸಪೇಟೆ ದಾರಿಯಲ್ಲಿ. ಅವರ ದನಿಗೆ ಕಬ್ಬಿನ ಟ್ರ್ಯಾಕ್ಟರಿನವರೂ ದಾರಿ ಬಿಡುತ್ತಾರೆಂದು ಅಣ್ಣ ತಮಾಷೆ ಮಾಡುತ್ತಿದ್ದ. ಅಮ್ಮ ಹೋದ ಮೇಲೆ ನನ್ನನ್ನು ಓದು ಬಿಡಿಸಿ ಮದುವೆ ಮಾಡಬೇಕೆಂದು ಮನೆಯಲ್ಲಿ ಮಾತು ಎದ್ದಾಗ, ಹೊಸ ಸೊಸೆಯಾಗಿ ಬಂದಿದ್ದ ಅವರು ಅಪ್ಪನೆದುರು ನಿಂತು, "ಓದೋ ಹುಡುಗಿನ್ನ ಓದಿಸ್ರಿ ಮಾವ. ಅಡಗಿ ನಾ ಮಾಡ್ತೀನಿ" ಎಂದಿದ್ದರು. ಮ್ಯಾಮೋಗ್ರಾಂ ವಿಷಯ ಎತ್ತಿದಾಗಲೂ ಅಷ್ಟೇ ಸಲೀಸಾಗಿ ಒಪ್ಪಿದರು.

"ನಿನ್ನ ಲೆಕ್ಕಕ್ಕ ನಾ ಬೇಕಾದ್ನೇನವ್ವಾ ಟೀಚರಮ್ಮ? ತೊಗೊ, ಬರ್ತೀನಿ. ನೋಯ್ತೈತೇನು?"

"ಸ್ವಲ್ಪ ಒತ್ತತಾರ್ರಿ ಅತ್ತಿಗಿ."

"ಕಂಪ್ಲಿ ಬಸ್ಸಿನ್ಯಾಗಿನ ಒತ್ತಾಟಕ್ಕಿಂತ ಹೆಚ್ಚಿಲ್ಲ ಬಿಡು."

ಚಿತ್ರ ತೆಗೆಸಿದ್ದಾಯಿತು. ಡಾಕ್ಟರ್ ಮೇಡಂ ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟರು. ಅತ್ತಿಗೆಯ ಚಿತ್ರ ಉಳಿದ ಚಿತ್ರಗಳ ಜೊತೆ ನನ್ನ ಕಂಪ್ಯೂಟರಿಗೆ ಬಂತು.

ಆಗ ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಅತ್ತಿಗೆ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲಿಯೇ, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದು ಬಂದರು. ಕಿಟಕಿಯಾಚೆ ಬಿಸಿಲು ಸುಡುತ್ತಿತ್ತು. ನಾನು ಕೆಲಸದಲ್ಲಿದ್ದೆ. "ನಂದ್ಯಾವುದು ತೋರ್ಸು, ನೋಡ್ತೀನಿ" ಎಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು. ಅವರದೇ ಚಿತ್ರ, ಅವರಿಗೆ ತೋರಿಸುವುದರಲ್ಲಿ ತಪ್ಪೇನು ಎಂದು ತೆರೆದೆ. ಬೂದು ಬಣ್ಣದ ಮೋಡದಂಥ ಆಕಾರ. "ಇಷ್ಟೇ ಏನು?" ಎಂದರು. ತಡೀರಿ ಎಂದು ನನ್ನ ಪ್ರೋಗ್ರಾಂ ಓಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಮಬ್ಬು ಕಳೆದ ಚಿತ್ರ ಪರದೆಯ ಮೇಲೆ ಬಂತು.

ಎಡ ಸ್ತನದ ಚಿತ್ರದಲ್ಲಿ, ಕಂಕುಳಿಗೆ ಹತ್ತಿರವಾಗಿ, ಬೆಳ್ಳಗಿನ ಕಣಗಳ ಒಂದು ಸಣ್ಣ ಸಾಲು ಇತ್ತು. ಕುಡುಗೋಲಿನ ಹಾಗೆ ಬಾಗಿತ್ತು. ಅಂಥ ಸಾಲುಗಳನ್ನು ನಾನು ರೋಗಿಗಳ ಚಿತ್ರಗಳಲ್ಲಿ ಮಾತ್ರ ನೋಡಿದ್ದೆ. ನಾನು ಬಾಯಿ ಬಿಡುವ ಮೊದಲೇ ಅತ್ತಿಗೆ ಮಿರ್ಚಿ ಹಿಡಿದಿದ್ದ ಬೆರಳಿನಿಂದ ಪರದೆಯನ್ನು ಮುಟ್ಟಿದರು.

"ಇಲ್ಲೇನಿದು, ರವಾ ಚೆಲ್ಲಿದಂಗ ಐತಲ್ಲ?"

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಅವರ ಬೆರಳಿನ ಎಣ್ಣೆಯ ಗುರುತು ಮಾತ್ರ ಗಾಜಿನ ಮೇಲೆ ಮಿನುಗುತ್ತಿತ್ತು. ಆ ಚಿತ್ರವನ್ನು ನಾನಿನ್ನೂ ಉಳಿಸಿಕೊಂಡಿರಲಿಲ್ಲ. ಆದರೂ ಆಗ ಚಿಂತೆಯಾಗಲಿಲ್ಲ, ಮತ್ತೆ ಓಡಿಸಿದರೆ ಬರುತ್ತದೆಂದುಕೊಂಡೆ. ಕರೆಂಟು ಬರುವತನಕ ಏನೇನೋ ಮಾತಾಡಿ ನನ್ನ ಗಾಬರಿಯನ್ನು ಮುಚ್ಚಿಟ್ಟೆ. ಬಂದ ಕೂಡಲೇ ಅದೇ ಚಿತ್ರವನ್ನು, ಅದೇ ಪ್ರೋಗ್ರಾಮನ್ನು, ಒಂದಂಕಿಯನ್ನೂ ಬದಲಿಸದೆ ಓಡಿಸಿದೆ.

ಕಣಗಳಿರಲಿಲ್ಲ.

ಎಣ್ಣೆಯ ಗುರುತಿನ ಹಿಂದೆ ನಯವಾದ ಬೂದು ಬಣ್ಣ ಮಾತ್ರ. ಮತ್ತೆ ಓಡಿಸಿದೆ, ಮತ್ತೆ ಮತ್ತೆ ಓಡಿಸಿದೆ. ಬೇರೆಯವರ ಚಿತ್ರವನ್ನು ತೆರೆದಿದ್ದೆನೇನೋ ಎಂದು ಇದ್ದ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಆ ಬಾಗಿದ ಸಾಲು ಯಾವುದರಲ್ಲಿಯೂ ಇರಲಿಲ್ಲ. ಅತ್ತಿಗೆ ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಏನಾತು?"

"ಏನಿಲ್ರಿ. ಮಷೀನು ಏನೋ ತಪ್ಪು ತೋರಿಸಿರಬೇಕು."

"ನೀನೂ ನೋಡಿದಿ ಹೌದಿಲ್ಲೋ?"

"ನೋಡಿದೆ."

"ಇಬ್ರೂ ನೋಡೀವಿ ಅಂದಮ್ಯಾಲೆ ಡಾಕ್ಟರಿಗೆ ಹೇಳು. ಸುಮ್ನ ಹೊಟ್ಯಾಗ ಇಟ್ಕೊಂಡು ಒದ್ದಾಡಬ್ಯಾಡ."

ಗುರುತು ಒರೆಸುವ ಮೊದಲು ಅದು ಚಿತ್ರದ ಯಾವ ಜಾಗದಲ್ಲಿ ಬೀಳುತ್ತದೆಂದು ನೋಡಿಟ್ಟುಕೊಂಡೆ. ಆದರೆ ಅವರು ಹೇಳಿದಷ್ಟು ಸುಲಭವಾಗಿರಲಿಲ್ಲ ಡಾಕ್ಟರ ಬಳಿ ಹೋಗುವುದು. ಏನೂ ಇಲ್ಲವೆಂದು ಬರೆದುಕೊಟ್ಟವರ ಮುಂದೆ ಏನೂ ಇಲ್ಲದ ಚಿತ್ರವನ್ನೇ ಇಟ್ಟು, ಇಲ್ಲಿ ಏನೋ ಇತ್ತು ಅನ್ನುವುದು ಹೇಗೆ? ವಿದ್ಯಾರ್ಥಿಯೊಬ್ಬ ಹಾಗೆ ಹೇಳಿದ್ದರೆ ನಾನೇ ಬೈದು ಕಳಿಸುತ್ತಿದ್ದೆ. ಸುಳ್ಳಾದರೆ ನಮ್ಮ ಮನೆಯವರಿಗೆ ಇಲ್ಲದ ಭಯ ಹಚ್ಚಿದಂತೆ. ನಿಜವಾಗಿದ್ದು ನಾನು ಸುಮ್ಮನಿದ್ದರೆ? ಆ ಯೋಚನೆಯನ್ನು ಮುಂದಕ್ಕೆ ಬೆಳೆಸಲು ಧೈರ್ಯ ಬರಲಿಲ್ಲ. ಮರುದಿನ ಕಾಲೇಜಿಗೆ ರಜೆ ಹಾಕಿ ಡಾಕ್ಟರ್ ಮೇಡಂ ಹತ್ತಿರ ಹೋದೆ. ನಡೆದದ್ದನ್ನೆಲ್ಲ, ಮಿರ್ಚಿಯ ಎಣ್ಣೆಯವರೆಗೆ, ಬಿಡದೆ ಹೇಳಿದೆ.

ಅವರು ಹಳೆಯ ಚಿತ್ರವನ್ನು ತೆಗೆದು ಆ ಜಾಗವನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು. "ಇಲ್ಲೇನೂ ಇಲ್ರಿ" ಎಂದರು. ನಾನು ಎದ್ದುನಿಂತೆ. "ಕುಂದ್ರಿ, ಹಂಗ್ಯಾಕ ಎದ್ರಿ? ನೀವು ಕಂಡಿದ್ದೇನೋ ನನಗ ಗೊತ್ತಿಲ್ಲ. ಆದ್ರ ಇಷ್ಟು ದಿನದಾಗ ನೀವು ಒಮ್ಮೆನೂ ಹುರುಳಿಲ್ಲದ ಮಾತು ಆಡಿಲ್ಲ. ಆ ಜಾಗಾ ಒಂದನ್ನೇ ದೊಡ್ಡದು ಮಾಡಿ ಇನ್ನೊಂದು ಫೋಟೋ ತಗಿಯೋಣ. ಕರಕೊಂಡು ಬರ್ರಿ."

ಆ ಮಾತನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಅವರು ನಕ್ಕು ಕಳಿಸಿದ್ದರೂ ಅವರ ತಪ್ಪು ಎನ್ನುವ ಹಾಗಿರಲಿಲ್ಲ.

ಹೊಸ ಚಿತ್ರ ಬಂದಾಗ ಅವರ ಪಕ್ಕದಲ್ಲಿ ನಾನಿದ್ದೆ. ಕಂಕುಳಿಗೆ ಹತ್ತಿರ, ನಾನು ತೋರಿಸಿದ ಜಾಗದಲ್ಲಿಯೇ, ಕುಡುಗೋಲಿನ ಹಾಗೆ ಬಾಗಿದ ಬಿಳಿ ಕಣಗಳ ಸಾಲು. ಡಾಕ್ಟರ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ನನ್ನ ಕಡೆ ತಿರುಗಲಿಲ್ಲ. "ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕು" ಎಂದಷ್ಟೇ ಹೇಳಿದರು.

ಪರೀಕ್ಷೆಯಲ್ಲಿ ಅದು ಕ್ಯಾನ್ಸರಿನ ತೀರ ಮೊದಲ ಹಂತ ಎಂದು ತಿಳಿಯಿತು. ಇನ್ನೂ ಎಲ್ಲಿಗೂ ಹರಡಿರಲಿಲ್ಲ. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತ. ಅತ್ತಿಗೆ ಅವನ ಬೆನ್ನು ಸವರಿ, "ಏಳ್ರಿ, ಇನ್ನೂ ಏನಾಗೈತಿ? ಜಲ್ದಿ ಸಿಕ್ಕೈತಿ ಅಂತಾರಲ್ಲ" ಎಂದರು. ಆದರೆ ಆ ದಿನ ಮನೆಗೆ ಬಂದ ಮೇಲೆ, ಒಬ್ಬಳೇ ಸಿಕ್ಕಾಗ, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವರಿಗೂ ಭಯವಾಗುತ್ತದೆ ಎಂಬುದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಆಪರೇಷನ್ ಆಯಿತು, ಆಮೇಲಿನ ಚಿಕಿತ್ಸೆಯೂ ಆಯಿತು. ಸುಸ್ತು, ಸಿಟ್ಟು, ಊಟ ಸೇರದ ದಿನಗಳು ಎಲ್ಲ ಬಂದು ಹೋದವು. ಮುಂದೆ ಅತ್ತಿಗೆ ಮತ್ತೆ ಬಸ್ಸು ಹತ್ತಿದರು. ಈಗಲೂ ಅದೇ ದಾರಿಯಲ್ಲಿದ್ದಾರೆ. ಪರಿಚಯದ ಹೆಂಗಸರು ಹತ್ತಿದರೆ ಟಿಕೆಟಿನ ಜೊತೆ, "ನಲವತ್ತು ದಾಟೈತಿಲ್ಲೋ? ಹೋಗಿ ತೋರಿಸ್ಕೊಂಡು ಬಾ, ನಾಚ್ಕೊಬ್ಯಾಡ" ಎಂದು ಗದರಿಸುತ್ತಾರಂತೆ. ಅವರ ಮಾತು ಕೇಳಿ ಹೋದವರು ಹಲವರಿದ್ದಾರೆ.

ಉಳಿದದ್ದು ನನ್ನ ಪಾಡು. ಅತ್ತಿಗೆ ಚೇತರಿಸಿಕೊಂಡ ಮೇಲೆ ಆ ಹಳೆಯ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡೆ. ಈಗ ಎಲ್ಲಿ ಹುಡುಕಬೇಕೆಂದು ಗೊತ್ತಿತ್ತು, ಹುಡುಕಬೇಕಾದ ಆಕಾರವೂ ಗೊತ್ತಿತ್ತು. ನನಗೆ ತಿಳಿದ ಬಗೆಬಗೆಯ ವೇವ್‌ಲೆಟ್‌ಗಳನ್ನು ಹಾಕಿ ನೋಡಿದೆ. ಪದರಗಳನ್ನು ಹೆಚ್ಚಿಸಿದೆ, ಇಳಿಸಿದೆ. ಕೊನೆಗೆ ಆ ಜಾಗದ ಅಂಕಿಗಳನ್ನೇ ತೆರೆದು ಒಂದೊಂದಾಗಿ ಓದಿದೆ. ಕಣಗಳ ಸುಳಿವು ಕೂಡ ಇರಲಿಲ್ಲ. ಮೊದಲ ಸಲ ಚಿತ್ರ ತೆಗೆದಾಗ ಅವು ಅದರಲ್ಲಿ ದಾಖಲಾಗಿರಲೇ ಇಲ್ಲ ಎಂದು ಡಾಕ್ಟರ್ ಮೇಡಂ ಕೂಡ ಒಪ್ಪಿದರು. ಅಷ್ಟು ಸಣ್ಣ ಕಣಗಳು, ಒತ್ತಾದ ಮಾಂಸದ ನಡುವೆ, ಆಗಾಗ ತಪ್ಪಿಸಿಕೊಳ್ಳುತ್ತವಂತೆ. ಹಾಗಾದರೆ ನಾವಿಬ್ಬರು ಆ ಮಧ್ಯಾಹ್ನ ಕಂಡದ್ದೇನು? ಕರೆಂಟು ಹೋಗುವ ಮೊದಲು ವೋಲ್ಟೇಜ್ ಏರುಪೇರಾಗಿ ಪರದೆ ಕೆಟ್ಟ ಚಿತ್ರ ತೋರಿಸಿರಬಹುದು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಇರಬಹುದು. ಆದರೆ ಏರುಪೇರಾದ ಕರೆಂಟಿಗೆ ಅತ್ತಿಗೆಯ ಮೈಯೊಳಗಿನ ಜಾಗವೂ ಬಾಗುವಿಕೆಯೂ ತಿಳಿದದ್ದು ಹೇಗೆ?

ಅತ್ತಿಗೆಗೆ ಇದು ಸಮಸ್ಯೆಯೇ ಅಲ್ಲ. ತಮಗೆ ಹೆಸರು ಕೊಟ್ಟ ದೇವಿಯನ್ನು ನೆನೆದು, "ಹುಲಿಗೆವ್ವ ತೋರಿಸಿದ್ಲು, ನೋಡಿದ್ವಿ" ಎನ್ನುತ್ತಾರೆ. ನನಗೆ ಹಾಗೆ ಹೇಳಲು ಬರುವುದಿಲ್ಲ, ಹಾಗಲ್ಲ ಎಂದು ವಾದಿಸಲೂ ಬರುವುದಿಲ್ಲ. ಕೃತಜ್ಞತೆ ಮಾತ್ರ ತುಂಬಿದೆ. ಅದರಲ್ಲಿ ಡಾಕ್ಟರ್ ಮೇಡಂಗೆ ಸಲ್ಲಬೇಕಾದದ್ದನ್ನು ಅವರಿಗೆ ಹೇಳಿದ್ದೇನೆ, ಅತ್ತಿಗೆಗೆ ಸಲ್ಲಬೇಕಾದದ್ದನ್ನು ಅವರಿಗೆ ಹೇಳಿದ್ದೇನೆ. ಇನ್ನೂ ಒಂದಷ್ಟು ಉಳಿದಿದೆ. ಅದನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದೇನೆ.

ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಈ ಸಂಗತಿಯ ಒಂದು ಸಾಲೂ ಇಲ್ಲ. ಬರೆಯುವುದಾದರೂ ಏನೆಂದು? ಮೌಖಿಕ ಪರೀಕ್ಷೆಯ ದಿನ ಅಣ್ಣ, ಅತ್ತಿಗೆ ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ, ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಕೊನೆಯ ಪ್ರಶ್ನೆ ಕೇಳಿದರು. ಚಿತ್ರದಲ್ಲಿ ದಾಖಲಾಗದೆ ಹೋದ ರೋಗವನ್ನು ನಿಮ್ಮ ವಿಧಾನ ಎಂದಾದರೂ ತೋರಿಸಬಲ್ಲದೇ?

ಇಲ್ಲ ಸರ್, ಸಾಧ್ಯವಿಲ್ಲ ಎಂದೆ. ಅದು ಸರಿಯಾದ ಉತ್ತರ; ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನಾನು ತಲೆ ಎತ್ತಿದೆ. ಹಿಂದಿನ ಸಾಲಿನಲ್ಲಿ ಅತ್ತಿಗೆ, ಒಂದಕ್ಷರ ಇಂಗ್ಲಿಷೂ ಅರ್ಥವಾಗದಿದ್ದರೂ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದರು.