ಮಿಸರ್ ದೇಶದ ಸಾಕ್ಷಿ

ನಮ್ಮತ್ತೆ ಯಾರನ್ನೂ ನಂಬಿದವಳಲ್ಲ. ಹಾಲು ಮಾರುವವಳನ್ನು ಬಿಡಿ, ಹೆತ್ತ ಮಗನನ್ನೂ ನಂಬುತ್ತಿರಲಿಲ್ಲ. ಇನ್ನು ಸೊಸೆ ಯಾವ ಲೆಕ್ಕ! ಮದುವೆಯಾಗಿ ಗೋಗಿ ಎಂಬ ಹಳ್ಳಿಗೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಉಬ್ಬಸ ಹಿಡಿಯಿತು. ಒಲೆ ಮುಂದೆ ಕೂತರೆ ಸಾಕು, ಎದೆ ಸಿಳ್ಳೆ ಹಾಕುತ್ತಿತ್ತು.

ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ತಾಗಿದೆ, ಬಂದರೆ ತಾಗಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಘಾಟಿಗೆ ನಾನು ಕೆಮ್ಮಿ ಕೆಮ್ಮಿ ನೆಲಕ್ಕುರುಳಿದೆ.

"ದೃಷ್ಟಿ ಅಲ್ಲ ಬಿಡು," ಎಂದಳು ಮಗನಿಗೆ. "ಒಂದೋ ರೋಗ ಮುಚ್ಚಿಟ್ಟು ಕೊಟ್ಟಾರ, ಇಲ್ಲಾ ಕೆಲಸ ತಪ್ಪಸಾಕ ಸೋಗು ಹಾಕ್ಯಾಳ. ತವರಿಗಿ ಕಳಸು."

ನನ್ನ ಟ್ರಂಕು ಬಾಗಿಲ ಬಳಿ ಬಂತು. ಹಾಗೆ ಟ್ರಂಕು ಸಮೇತ ಕಳಿಸಿದವಳನ್ನು ಯಾರೂ ಮರಳಿ ಕರೆಯುತ್ತಿರಲಿಲ್ಲ. ಆ ಮನೆಗೆ ಇನ್ನೊಬ್ಬಳು ಬರುತ್ತಿದ್ದಳು.

ಕೊನೆಗೊಮ್ಮೆ ನೋಡೋಣವೆಂದು ಯಜಮಾನರು ನನ್ನನ್ನು ಶಹಾಪುರದ ಹಕೀಮರ ಬಳಿ ಕರೆದೊಯ್ದರು. ಅತ್ತೆಯೂ ಬಂಡಿ ಹತ್ತಿದಳು. ನಿಜಾಮರ ಕೊನೆಗಾಲ ಅದು. ಸಾಬರನ್ನು ಕಂಡರೆ ನಾವು ದನಿ ತಗ್ಗಿಸುತ್ತಿದ್ದೆವು, ನಮ್ಮನ್ನು ಕಂಡರೆ ಅವರು ಮಾತು ನಿಲ್ಲಿಸುತ್ತಿದ್ದರು. ಹಕೀಮರು ನಾಡಿ ಹಿಡಿದರು, ಔಷಧ ಮಾತ್ರ ಕೊಡಲಿಲ್ಲ.

"ಅಮ್ಮಾ, ಹಿಂದಕ ಮಿಸರ್ ದೇಶದಾಗ, ಈಜಿಪ್ತ ಅಂತಾರಲ್ಲ ಅಲ್ಲಿ, ಒಬ್ಬ ಯಹೂದಿ ಹಕೀಮ ಇದ್ದ. ಹುಟ್ಟಿದ ಊರು ಬಿಟ್ಟು ಓಡಿ ಬಂದವ. ಅಲ್ಲಿ ಸುಲ್ತಾನರ ದರ್ಬಾರದ ಮಂದಿ ಅವನ ಕೈಯಾಗ ನಾಡಿ ಕೊಟ್ರು. ದಮ್ಮು ಹತ್ತಿದ ಒಬ್ಬ ದೊಡ್ಡ ಮನುಷ್ಯಾಗ ಅವ ಏನಂದ ಗೊತ್ತೇನ್ರಿ? ಮೊದಲ ಗಾಳಿ ಸಾಫ್ ಇರ್ಲಿ, ಊಟ ಹಗುರ ಇರ್ಲಿ, ಮನಸು ಸಮಾಧಾನ ಇರ್ಲಿ, ಔಷಧ ಆಮ್ಯಾಲ. ಈ ಬೇಟಿನ್ನ ಒಲಿ ಮುಂದ ಕೂಡಸಬ್ಯಾಡ್ರಿ. ಮೆಣಸಿನಕಾಯಿ ಸುಡೂದು ಬಂದ್ ಮಾಡ್ರಿ."

ಅಯ್ಯೋ, ಕೆಟ್ಟೆ ಅಂದುಕೊಂಡೆ! ಸೊಸೆಗೆ ಒಲೆ ಬೇಡವೆಂದರೆ ಅತ್ತೆ ಸುಮ್ಮನಿರುತ್ತಾಳೆಯೇ? ಬಂಡಿಯಲ್ಲೇ ಶುರುವಾಯಿತು.

"ಆ ಯಹೂದಿ ನಿನಗ ಏನಾಗಬೇಕು? ನಿಮ್ಮಪ್ಪ ಮೊದಲ ಬಂದು ಹಕೀಮಗ ಹೇಳಿಕೊಟ್ಟು ಹೋಗ್ಯಾನ. ಅಂಥಾ ಮನುಷ್ಯಾ ಹುಟ್ಟೇ ಇಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ತಿರುಗಿ ಬಯ್ಯಲು ಉಸಿರು ಬೇಕಲ್ಲ.

ಮರುದಿನ ಬಂಡಿ ಹತ್ತಿದ್ದು ಟ್ರಂಕಲ್ಲ, ಅತ್ತೆ. ಮಗನನ್ನು ಕರೆದುಕೊಂಡು ಸುರಪುರಕ್ಕೆ ಹೋಗಿ, ಶಹಾಪುರದ ಹಕೀಮರ ಗುರುತೇ ಇಲ್ಲದ ಒಬ್ಬ ಮೌಲ್ವಿಯನ್ನು ಹುಡುಕಿ ಪಾಟೀಸವಾಲು ಹಾಕಿದಳಂತೆ. ಅಂಥ ಯಹೂದಿಯೊಬ್ಬ ಇದ್ದದ್ದು ಖರೆಯೋ? ಖರೆ. ಏನು ಮಾಡಿದ? ಧರ್ಮದ್ದು ಬರೆದ, ತರ್ಕದ್ದು ಬರೆದ, ವಿಷ ಇಳಿಸುವುದನ್ನು ಬರೆದ, ದಮ್ಮಿನದೂ ಬರೆದ. ಸಾಬರವನೋ? ಅಲ್ಲ. ನಮ್ಮವನೋ? ಅಲ್ಲ. ಈಗೆಲ್ಲಿದ್ದಾನೆ? ಸತ್ತು ಏಳು ನೂರು ವರ್ಷದ ಮೇಲಾಯಿತು.

ಬಂದವಳೇ ಸೆರಗು ಸಿಕ್ಕಿಸಿ ಒಲೆಯ ಬಳಿ ಬಂದಳು.

"ಏಳು," ಎಂದಳು ನನಗೆ. "ಬದುಕಿದ್ದವರು ಯಾರದರೆ ಕಡಿ ಇರ್ತಾರ. ಸತ್ತವಗ, ಅದೂ ಯಾರ ಕಡೀನೂ ಅಲ್ಲದವಗ, ನಿಮ್ಮಪ್ಪ ಹೆಂಗ ಹೇಳಿಕೊಟ್ಟಾನು?"

ಅಂದಿನಿಂದ ಒಲೆ ಆಕೆಯದೇ ಆಯಿತು. ಹಾಗಂತ ನನ್ನನ್ನು ನಂಬಿದಳೇ? ಎಲ್ಲಿ ಬಂತು! ರೊಟ್ಟಿ ಬಡಿಯುತ್ತಲೇ ತಿರುಗಿ ತಿರುಗಿ ನೋಡುತ್ತಿದ್ದಳು. "ಸೋಗು ಅಂತ ತಿಳೀಲಿ, ಅವತ್ತ ಬಂಡಿ ಕಟ್ಟಸ್ತೀನಿ," ಎನ್ನುತ್ತಿದ್ದಳು. ಟ್ರಂಕು ವರ್ಷಗಟ್ಟಲೆ ಬಾಗಿಲ ಬಳಿಯೇ ಇತ್ತು.

ಹೊಗೆಗೆ ಆಕೆಯ ಕಣ್ಣು ಮಂಜಾದವು, ಆಮೇಲೆ ಪೂರ್ತಿ ಹೋದವು. ಆಗಲಾದರೂ ಒಲೆ ಬಿಟ್ಟುಕೊಡಲಿ ಎಂದು ನಾನು ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತರೆ, ಹಿಟ್ಟಿನ ಕೈಯಲ್ಲೇ ನನ್ನನ್ನು ಆಚೆಗೆ ನೂಕುತ್ತಿದ್ದಳು.

"ದೂರ ಸರಿ. ಎದಿ ಸಿಳ್ಳಿ ಹಾಕಾಕತ್ತೈತಿ."