ಲಾಡಸಾಬರ ಅಂಗಿಗೆ ಕಿಸೆಯಿಲ್ಲ

“ಏ ಮುದುಕಾ, ಕಿಸೆ ತೋರ್ಸು! ಮೂರು ತೊಲಿ ಕೊಟ್ಟೇವಿ, ತಕ್ಕಡ್ಯಾಗ ಒಂದೂವರಿ ತೋರ್ಸಾಕ್ಹತ್ತಿ. ಉಳಿದದ್ದು ಹೊಗಿ ಆಗಿ ಹೋತೇನ? ಹಲ್ಕಟ್ ಕಳ್ಳ ನೀ!”

ಇಳಕಲ್ ಬಜಾರಿನ ಬಂಗಾರದಂಗಡಿ ಸಾಲು. ಮುಂಜಾನೆ ಹತ್ತೂವರೆ. ಸೀರೆ ಕೊಳ್ಳಲು ಬಂದವರು, ಬಸ್ಸಿಗೆ ಹೊರಟವರು, ಎದುರಿನ ಚಹದಂಗಡಿಯವನು, ಎಲ್ಲರೂ ನಿಂತಲ್ಲೇ ನಿಂತು ನೋಡುತ್ತಾರೆ. ಕೂಗಿದವನು ಹುನಗುಂದದ ಕಡೆಯ ಶಂಕರಲಿಂಗ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆರಳಿಗೆ ಎರಡು ಉಂಗುರ. ಬೈಸಿಕೊಂಡವರು ಲಾಡಸಾಬರು. ವಯಸ್ಸು ಅರವತ್ತೊಂದು. ಹಳೆಯ ಒಡವೆ ಮಾರಿ ಹೊಸದು ಮಾಡಿಸಿಕೊಳ್ಳಲು ಬಂದವರ ಬಂಗಾರವನ್ನು ಕರಗಿಸಿ ಗಟ್ಟಿ ಮಾಡಿಕೊಡುವುದು ಅವರ ಕೆಲಸ.

ಲಾಡಸಾಬರು ಬಾಯಿ ತೆರೆಯುವುದಿಲ್ಲ. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗುತ್ತಾರೆ, ಅಷ್ಟೇ. ಅವರ ಅಂಗಿಗೆ ಕಿಸೆಯಿಲ್ಲ. ಎದೆಯ ಮೇಲೂ ಇಲ್ಲ, ಪಕ್ಕದಲ್ಲೂ ಇಲ್ಲ. ತೋಳನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಿ ಹೊಲಿದಿದೆ, ಮಡಿಕೆ ಕೂಡ ಬಿಟ್ಟಿಲ್ಲ. ಪಾಯಿಜಾಮಕ್ಕೂ ಬರೀ ಲಾಡಿ. ತಿರುಗಿ ತೋರಿಸಿ ಮತ್ತೆ ಒಲೆಯ ಮುಂದೆ ಕೂರುತ್ತಾರೆ.

ಅವರ ಬಗ್ಗೆ ಬರೆಯಲೆಂದು ನಾನು ಅವರ ಪಕ್ಕದಲ್ಲಿ ಅವತ್ತು ಬೆಳಗಿನ ಐದೂವರೆಯಿಂದ ಕುಳಿತಿದ್ದೇನೆ. ಆ ಮಾತು ಎಂಥವರ ಮೇಲೆ ಬಿತ್ತು ಅನ್ನುವುದು ನನಗೆ ಗೊತ್ತಿದೆ. ನೀವೂ ತಿಳಿದುಕೊಳ್ಳಿ.

ಐದೂವರೆಗೆ ಬಜಾರಿನಲ್ಲಿ ನಾಯಿ ಮತ್ತು ಹಾಲಿನವನು ಬಿಟ್ಟರೆ ಯಾರೂ ಇಲ್ಲ. ಸಂಗಯ್ಯನವರ ಬಂಗಾರದಂಗಡಿಯ ಷಟರ್ ಇನ್ನೂ ಕೆಳಗಿದೆ. ಅದರ ಮುಂದಿನ ಕಟ್ಟೆಯ ಮೇಲೆ ಲಾಡಸಾಬರು ಕುಂಚದಿಂದ ಕಸ ಗುಡಿಸುತ್ತಾರೆ. ಗುಡಿಸಿದ ಧೂಳನ್ನು ಬೀದಿಗೆ ಚೆಲ್ಲುವುದಿಲ್ಲ, ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಅಂಗಡಿಯ ಬಾಗಿಲಿಗೆ ಇಡುತ್ತಾರೆ. ಆ ಧೂಳು ಅಂಗಡಿಯದು. ಆಮೇಲೆ ಮೂಸೆಗಳನ್ನು, ಅಂದರೆ ಬಂಗಾರ ಕರಗಿಸುವ ಮಣ್ಣಿನ ಬಟ್ಟಲುಗಳನ್ನು, ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾರೆ. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಆಚೆಗೆ. ಕೊನೆಗೆ ಕೈಬೆರಳಿನ ಉಗುರುಗಳನ್ನು ಕಟ್ಟೆಯ ಕಲ್ಲಿಗೆ ಉಜ್ಜುತ್ತಾರೆ, ಚರ್ಮಕ್ಕೆ ಹತ್ತುವ ತನಕ.

“ಉಗುರಾಗ ಸಿಕ್ಕೊಂಡ ಬಂಗಾರ ನನ್ನ ಕಣ್ಣಿಗೆ ಕಾಣಂಗಿಲ್ಲ ತಮ್ಮಾ. ಕೊಟ್ಟಾಕಿ ಕಣ್ಣಿಗೆ ಗುಡ್ಡದಷ್ಟ ಕಾಣ್ತೈತಿ,” ಅನ್ನುತ್ತಾರೆ.

ಲಾಡಸಾಬರು ಹುಟ್ಟಿದ್ದು ಕೆರೂರಿನಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ಬಳೆಯ ಗಂಟು ಹೊತ್ತು ತಿರುಗಿದವರು. ಲಾಡಸಾಬರು ಹದಿನಾಲ್ಕನೇ ವಯಸ್ಸಿಗೆ ಇಳಕಲ್ಲಿನ ಒಬ್ಬ ಪತ್ತಾರರ, ಅಂದರೆ ಅಕ್ಕಸಾಲಿಗರ, ಕೈಕೆಳಗೆ ಇದ್ದಿಲು ಊದಲು ಕುಳಿತರು. ಆ ಪತ್ತಾರರು ಕಲಿಸಿದ್ದು ಒಂದೇ ಒಂದು ಕಟ್ಟುನಿಟ್ಟು: ಮೂಸೆ ಒಲೆಯ ಮೇಲಿದ್ದಾಗ ಯಾರು ಏನೇ ಅಂದರೂ ಬಾಯಿ ಬಿಡಬಾರದು. ಮಾತಿಗೆ ಮಾತು ಕೊಟ್ಟರೆ ಕೈ ನಡುಗುತ್ತದೆ, ಕೈ ನಡುಗಿದರೆ ಚೆಲ್ಲುವುದು ಗಿರಾಕಿಯ ಬಂಗಾರ.

ಈಗ ಇಳಕಲ್ಲಿನ ಆರು ಅಂಗಡಿಗಳು ಅವರನ್ನು ಕರೆಯುತ್ತವೆ. ಮಂಗಳವಾರ ಹುನಗುಂದ, ಶನಿವಾರ ಬಾದಾಮಿ. ದಿನಕ್ಕೆ ಏಳೆಂಟು ಮೂಸೆ, ಲಗ್ನದ ದಿನಗಳಲ್ಲಿ ಹದಿನೈದು. ಒಂದು ಮೂಸೆಗೆ ನೂರೈವತ್ತು ರೂಪಾಯಿ ಕೂಲಿ. ಅದು ಒಂದು ಗ್ರಾಂ ಕರಗಿದರೂ ಅಷ್ಟೇ, ನೂರು ಗ್ರಾಂ ಕರಗಿದರೂ ಅಷ್ಟೇ. ಬಂಗಾರದ ದರ ದಿನಾ ಪೇಪರಿನಲ್ಲಿ ಬರುತ್ತದೆ. ಅದರ ಹೊಗೆ ಕುಡಿಯುವವರ ಹೆಸರು ಒಂದು ದಿನವೂ ಬಂದಿಲ್ಲ. ಶೋರೂಮಿನವರು ಗೋಡೆಯುದ್ದದ ಫಲಕದಲ್ಲಿ ನಗುವ ಮದುಮಗಳನ್ನು ನಿಲ್ಲಿಸುತ್ತಾರೆ. ಅವಳ ಕೊರಳಿನದು ಯಾರದೋ ಅಜ್ಜಿಯ ಕೊರಳಿನಿಂದ ಇಳಿದು, ಇಂಥ ಯಾವುದೋ ಕಟ್ಟೆಯ ಮೇಲೆ ಕರಗಿ ಬಂದದ್ದು ಅಂತ ಯಾವ ಫಲಕವೂ ಹೇಳುವುದಿಲ್ಲ.

ಹೊಗೆ ಕುಡಿದು ಕುಡಿದು ಲಾಡಸಾಬರಿಗೆ ಮಾತಿನ ನಡುವೆ ಕೆಮ್ಮು. ಬಲಗಣ್ಣು ಸದಾ ಒಸರುತ್ತದೆ. ಹತ್ತೂ ಬೆರಳ ತುದಿ ಸುಟ್ಟು ಸುಟ್ಟು ನುಣ್ಣಗಾಗಿವೆ, ಒಂದು ಗೆರೆ ಉಳಿದಿಲ್ಲ. ರೇಶನ್ ಅಂಗಡಿಯ ಮಷೀನಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಒಪ್ಪುವುದಿಲ್ಲ. ಹೆಂಡತಿ ರಂಜಾನಬಿ ಹೋಗಿ ಹೆಬ್ಬೆಟ್ಟು ಕೊಟ್ಟರೆ ಮಾತ್ರ ಮನೆಗೆ ಅಕ್ಕಿ.

“ನನ್ನ ಹೆಬ್ಬೆಟ್ಟ ಸರ್ಕಾರ ನಂಬಂಗಿಲ್ಲರಿ,” ಅಂತ ನಗುತ್ತಾರೆ ಲಾಡಸಾಬರು. “ಇಳಕಲ್ಲ ಹೆಣ್ಮಕ್ಕಳು ನಂಬ್ತಾರ. ಸಾಕಲ್ಲ?”

ಕಿಸೆಯಿಲ್ಲದ ಅಂಗಿ ಹೊಲಿಯುವವರೂ ಈ ರಂಜಾನಬಿಯೇ. ಮದುವೆಯಾದ ವರ್ಷದಿಂದ ಹೊಲಿಯುತ್ತಿದ್ದಾರೆ. “ಈದಿಗೆರ ಒಂದ ಕಿಸೆ ಹಚ್ಚತೇನಿ ಅಂದ್ರ ಒಲ್ಲೆ ಅಂತಾರ. ಚಿಲ್ಲರ ರೊಕ್ಕ ಟೊಪ್ಪಿಗ್ಯಾಗ ಇಟ್ಕೊಂಡ ಬರ್ತಾರ, ಬಾಗಲದಾಗ ಸಲಾಂ ಮಾಡಿದ್ರ ಝಣ್ ಅಂತೈತಿ,” ಎಂದು ಅವರು ಗಂಡನನ್ನು ಆಡಿಕೊಳ್ಳುತ್ತಾರೆ.

ಕಿಸೆ ಬೇಡವೆನ್ನುವ ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದೆ ಪಕ್ಕದ ಓಣಿಯಲ್ಲಿ ಇನ್ನೊಬ್ಬ ಕರಗಿಸುವವನಿದ್ದ. ಒಂದು ದಿನ ಯಾರೋ ಬಜಾರಿನ ನಡುವೆ ಅವನಿಗೆ ಕಳ್ಳ ಅಂದರು. ಹೌದು ಅಂತಲೂ ಸಾಬೀತಾಗಲಿಲ್ಲ, ಅಲ್ಲ ಅಂತಲೂ ಆಗಲಿಲ್ಲ. ಒಂದು ತಿಂಗಳೊಳಗೆ ಒಂದು ಅಂಗಡಿಯೂ ಅವನನ್ನು ಕರೆಯದಾಯಿತು. ಸಂಸಾರ ಕಟ್ಟಿಕೊಂಡು ಊರು ಬಿಟ್ಟ.

“ಅಂವ ತಿಂದಿದ್ನೋ ಇಲ್ಲೋ ಅಲ್ಲಾಗ ಗೊತ್ತು,” ಅನ್ನುತ್ತಾರೆ ಲಾಡಸಾಬರು. “ನಮಗೇನ ಬೋರ್ಡ ಐತೇನು, ಲೈಸೆನ್ಸ ಐತೇನು? ಇರೂದ ಹೆಸರೊಂದ. ಅದು ಹೋತಂದ್ರ ನಾಳೆ ಮುಂಜಾನಿ ಈ ಕಟ್ಟಿ ಮ್ಯಾಲ ಬ್ಯಾರೇದಾಂವ.”

ಆಸೆ ಏನಾದರೂ ಇದೆಯೇ ಅಂತ ಕೇಳಿದೆ. ಗಿರಾಕಿಗೆ ಕೊಡುವ ಪಾವತಿ ಚೀಟಿಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಕರಗಿಸಿದವರು ಇಂಥವರು ಅಂತ ಬರೆದರೆ ಚೆನ್ನ ಅಂದರು. ಅಂದವರೇ ನಾಚಿಕೊಂಡು, “ಬಿಡ್ರಿ, ಅದನ್ನೇನ ಬರೀಬ್ಯಾಡ್ರಿ,” ಅಂದರು. ನಾನು ಬರೆದಿದ್ದೇನೆ.

ಇನ್ನು ಆ ದಿನದ ಕತೆ. ಒಂಬತ್ತೂವರೆಗೆ ಸಿದ್ದವ್ವ ಬರುತ್ತಾಳೆ. ಗಂಡನಿಗೆ ಗ್ರಾನೈಟ್ ಪಾಲಿಶಿನ ಕೆಲಸ, ಅವತ್ತು ರಜೆ ಸಿಕ್ಕಿಲ್ಲ. ಹಾಗಾಗಿ ಜೊತೆಗೆ ಗಂಡನ ಅಣ್ಣ ಶಂಕರಲಿಂಗ ಬಂದಿದ್ದಾನೆ. ಮಗಳು ಶೀಲಾಳ ಲಗ್ನ ಮುಂದಿನ ತಿಂಗಳು. ಅತ್ತೆ ಗುರುಲಿಂಗವ್ವನ ಬೋರಮಾಳ ಸರವನ್ನು ಮುರಿಸಿ ಮಗಳಿಗೆ ತಾಳಿ, ಜುಮಕಿ, ಒಂದೆಳೆ ಸರ ಮಾಡಿಸಬೇಕು. ಸಂಗಯ್ಯನವರ ತಕ್ಕಡಿಯಲ್ಲಿ ಸರದ ಮೂವತ್ತಾರು ಗುಂಡು ಸೇರಿ ಮೂವತ್ತು ಗ್ರಾಂ ಮೇಲೆ ಚಿಲ್ಲರೆ. ಮೂರು ತೊಲೆ. ಶಂಕರಲಿಂಗ ತೂಕ ನೋಡಿ, “ಸರಿ ಐತಲ್ಲ, ನಾ ಚಾ ಕುಡದ ಬರ್ತೇನಿ,” ಅಂತ ಫೋನು ಕಿವಿಗಿಟ್ಟುಕೊಂಡು ಎದುರಿಗೆ ದಾಟುತ್ತಾನೆ.

ಬೋರಮಾಳದ ಗುಂಡು ನೋಡಲು ದುಂಡಗೆ, ತುಂಬಿದ ಹಾಗೆ ಕಾಣುತ್ತದೆ. ಮೇಲಿನದು ಬಂಗಾರದ ತೆಳು ತಗಡು. ಒಳಗೆ ತುಂಬಿರುವುದು ಅರಗು. ತಗಡು ಜಜ್ಜಿಹೋಗಬಾರದೆಂದು ಹಿಂದಿನವರು ಹಾಗೆ ಮಾಡಿದರು. ಬೆಂಕಿ ತಾಕಿತೆಂದರೆ ಅರಗು ಹೊಗೆಯಾಗಿ ಹೋಗುತ್ತದೆ, ತೂಕ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಲಾಡಸಾಬರು ಇಡೀ ಸರವನ್ನು ಒಮ್ಮೆಗೇ ಬೆಂಕಿಗೆ ಹಾಕುವುದಿಲ್ಲ. ಮೊದಲು ಒಂದೇ ಒಂದು ಗುಂಡು. ಗಿರಾಕಿಯ ಕಣ್ಣೆದುರು ಅದನ್ನು ಕತ್ತರಿಸಿ, ಸೂಜಿಯಿಂದ ಅರಗು ಕೆದಕಿ ತೆಗೆದು, ತಗಡನ್ನಷ್ಟೇ ತೂಗಿಸುತ್ತಾರೆ. ಎಷ್ಟು ಉಳಿಯುತ್ತದೆ ಅಂತ ಮೊದಲೇ ಹೇಳುತ್ತಾರೆ. ಹೂಂ ಅಂದರೆ ಮುಂದಿನದು.

ಸಿದ್ದವ್ವನ ಮೊದಲ ಗುಂಡು ಎಂಟುನೂರಾ ನಲವತ್ತು ಮಿಲಿಗ್ರಾಂ ಇತ್ತು. ಅರಗು ತೆಗೆದ ಮೇಲೆ ನಾನೂರಾ ಮೂವತ್ತು. ಸಿದ್ದವ್ವ ಕಾಗದದ ಮೇಲಿನ ಕಪ್ಪು ಚೂರನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ.

“ಇದೇನ್ರಿ ಕಾಕಾ, ಮಣ್ಣ?”

“ಅರಗ ಯವ್ವಾ. ಎಲ್ಲಾ ಗುಂಡಿನ್ಯಾಗೂ ಇರ್ತೈತಿ. ಹದಿನೈದು, ಹದಿನೈದೂವರಿ ಗ್ರಾಂ ಬಂಗಾರ ಸಿಕ್ಕೀತು. ಅದಕಿಂತ ಹೆಚ್ಚು ಬರಂಗಿಲ್ಲ.”

ಅವಳು ಕುಳಿತಲ್ಲೇ ಸಣ್ಣಗಾಗುತ್ತಾಳೆ. ಸೆರಗಿನ ಚುಂಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಹೇಳುತ್ತಾಳೆ: “ಪಾಲಿನ್ಯಾಗ ಮೂರು ತೊಲಿ ಅಂತ ಹಚ್ಚಿ ಇದನ್ನ ನಮಗ ಕೊಟ್ರು. ಅತ್ತಿ ಪಾಟ್ಲಿ ಭಾವಾರ ಕಡೆ ಹೋದುವು. ಅವೂ ಮೂರು ತೊಲಿ. ಸಮಾ ಆತು ಅಂದ್ರು.”

ಪಾಟಲಿ ಅಂದರೆ ಗಟ್ಟಿ ಬಳೆ. ಅವುಗಳೊಳಗೆ ಅರಗು ಇರುವುದಿಲ್ಲ, ಪೂರಾ ಬಂಗಾರ. ಇಷ್ಟು ಕೇಳಿ ಲಾಡಸಾಬರು ಊದುಗೊಳವೆ ಕೆಳಗಿಡುತ್ತಾರೆ.

“ಬೇಕಂದ್ರ ಇಷ್ಟಕ್ಕ ನಿಲ್ಲಸ್ತೇನಿ ಯವ್ವಾ. ಉಳಿದ ಸರ ಹಂಗ ಒಯ್ರಿ. ಮನಿಯವರನ್ನ ಕೇಳಿ ಬರ್ರಿ.”

ಸಿದ್ದವ್ವ ಸರವನ್ನು ಕೈಗೆತ್ತಿಕೊಂಡು ಮತ್ತೆ ಅವರ ಮುಂದಿಡುತ್ತಾಳೆ. “ಹಂಗ ಒಯ್ದು ಏನ್ ಮಾಡ್ಲಿ? ಸುಳ್ಳ ತೂಕ ಮಗಳ ಕೊಳ್ಳಾಗ ಹಾಕ್ಲ್ಯಾ? ಮಾಡ್ರಿ ಕಾಕಾ.”

ಅರಗು ಸುಟ್ಟು, ತಗಡು ತೂಗಿ, ಮೂಸೆಗೆ ಹಾಕಿ ಒಲೆಗಿಟ್ಟ ಹೊತ್ತಿಗೆ ಶಂಕರಲಿಂಗ ಬಂದ. ತಕ್ಕಡಿಯ ಅಂಕಿ ಕೇಳಿದ. ಆಮೇಲೆ ಅವನು ಅಂದದ್ದನ್ನು ಇಡೀ ಬಜಾರು ಕೇಳಿತು, ನೀವೂ ಮೊದಲ ಸಾಲಿನಲ್ಲೇ ಓದಿದ್ದೀರಿ.

ಸಿಟ್ಟಿನಿಂದ ನನ್ನ ಮೈ ಉರಿಯುತ್ತಿತ್ತು. ಲಾಡಸಾಬರ ಕೈ ಮಾತ್ರ ಅಲುಗುವುದಿಲ್ಲ. ಮೂಸೆ ಕೆಂಪಾಗಿದೆ. ಶಂಕರಲಿಂಗ ಇನ್ನೂ ಕೂಗುತ್ತಿದ್ದಾನೆ, ಪೊಲೀಸರನ್ನು ಕರೆಸುತ್ತೇನೆ ಅನ್ನುತ್ತಾನೆ. ಮಂದಿ ಹೆಚ್ಚುತ್ತಾರೆ. ಪಕ್ಕದ ಅಂಗಡಿಯ ಮಾಲೀಕ ಮೆಟ್ಟಿಲಿಗೆ ಬಂದು ನಿಂತಿದ್ದಾನೆ. ಲಾಡಸಾಬರನ್ನು ನಾಳೆ ಕರೆಯಬೇಕೋ ಬೇಡವೋ ಅನ್ನುವ ಲೆಕ್ಕ ಅವನ ಮುಖದ ಮೇಲೆಯೇ ನಡೆದಿದೆ. ಸಂಗಯ್ಯನವರಿಗೂ ಗಾಬರಿ.

“ಕಾಕಾ, ಒಳಗ ಬಂದ ಮಾಡ್ರಿ. ಪಡದಾ ಎಳೀತೇನಿ,” ಅನ್ನುತ್ತಾರೆ.

ಲಾಡಸಾಬರು ತಲೆಯಾಡಿಸುತ್ತಾರೆ. ಪರದೆ ಬೇಡ. ಇದ್ದಿಲ ಮೇಲೆ ಗಾಳಿ ಊದುತ್ತಾರೆ, ಬಿಳಿಗಾರದ ಪುಡಿ ಚಿಟಿಕೆ ಹಾಕುತ್ತಾರೆ. ತಗಡಿನ ಚೂರುಗಳು ಒಂದರ ಮೇಲೊಂದು ಬಾಗಿ, ಕುಗ್ಗಿ, ಒಂದಾಗಿ ಕಣ್ಣು ಕುಕ್ಕುವ ಒಂದೇ ಹನಿಯಾಗುತ್ತವೆ. ಇಕ್ಕಳದಿಂದ ಮೂಸೆ ಎತ್ತಿ ಅಚ್ಚಿಗೆ ಸುರಿಯುತ್ತಾರೆ. ಒಂದು ಹನಿ ಆಚೆ ಬೀಳುವುದಿಲ್ಲ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅಷ್ಟು ಬೈಗುಳದ ನಡುವೆ, ಆ ಸುರಿತ ನೋಡಿ ನನಗೆ ಎದ್ದು ಸಿಳ್ಳೆ ಹಾಕಬೇಕೆನಿಸಿತು.

ಗಟ್ಟಿ ಹದಿನಾಲ್ಕು ಗ್ರಾಂ, ಮೇಲೆ ಎಂಟುನೂರು ಮಿಲಿಗ್ರಾಂ. ಕತ್ತರಿಸಿದ ಮೊದಲ ಗುಂಡಿನ ತಗಡೂ ಇದರಲ್ಲೇ ಸೇರಿದೆ. ಶಂಕರಲಿಂಗ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಲಾಡಸಾಬರು ಪಕ್ಕದ ಸಣ್ಣ ಬಟ್ಟಲಿನಿಂದ ಒಂದು ಗುಂಡು ತೆಗೆದು ಕಟ್ಟೆಯ ಮೇಲಿಡುತ್ತಾರೆ. ಅದೇ ಸರದ ಗುಂಡು, ಮುಟ್ಟದ್ದು, ಇಡಿಯಾದದ್ದು. ಕೊನೆಯ ಗುಂಡನ್ನು ಗಿರಾಕಿ ಒಪ್ಪುವ ತನಕ ಅವರು ಎಂದೂ ಒಡೆಯುವುದಿಲ್ಲವಂತೆ. ಅದರ ಪಕ್ಕದಲ್ಲಿ ಕತ್ತರಿ ಇಡುತ್ತಾರೆ. ಹಿಡಿಕೆ ಶಂಕರಲಿಂಗನ ಕಡೆಗೆ.

“ಒಡೀರಿ ಭಾವಾರ,” ಅನ್ನುತ್ತಾಳೆ ಸಿದ್ದವ್ವ. ಅಲ್ಲಿಯವರೆಗೆ ಭಾವನ ಮುಂದೆ ಅವಳು ತುಟಿ ಬಿಚ್ಚಿರಲಿಲ್ಲ.

ಅಷ್ಟು ಮಂದಿಯ ಎದುರು ಅವನಿಗೆ ಒಡೆಯದೆ ಗತಿಯಿಲ್ಲ. ಕತ್ತರಿ ಒತ್ತುತ್ತಾನೆ. ಗುಂಡು ಸೀಳಿ ಅರಗಿನ ಕಪ್ಪು ಪುಡಿ ಅಂಗೈ ತುಂಬ ಉದುರುತ್ತದೆ, ಬಿಳಿ ಅಂಗಿಯ ತೋಳಿಗೂ ಮೆತ್ತುತ್ತದೆ. ಸಂಗಯ್ಯ ತಗಡನ್ನು ತೂಗುತ್ತಾರೆ. ನಾನೂರಾ ಇಪ್ಪತ್ತೆಂಟು ಮಿಲಿಗ್ರಾಂ. ಗಟ್ಟಿಯ ಜೊತೆ ಸೇರಿಸಿದರೆ ಲಾಡಸಾಬರು ಮೊದಲೇ ಹೇಳಿದ್ದ ಹದಿನೈದು ಗ್ರಾಂ ದಾಟುತ್ತದೆ.

“ಏನಂದಿದ್ರಿ ಅವರಿಗೆ, ಇನ್ನೊಮ್ಮಿ ಅನ್ರಿ ಕೇಳೂಣ!” ಅಂತ ಚಹದಂಗಡಿಯವನು ಆಚೆಯಿಂದ ಕೂಗುತ್ತಾನೆ.

ಸಿದ್ದವ್ವ ಎದ್ದು ನಿಲ್ಲುತ್ತಾಳೆ. ದನಿ ಎತ್ತರಿಸುವುದಿಲ್ಲ. “ಭಾವಾರ, ನೀವು ಒಯ್ದ ಪಾಟ್ಲ್ಯಾಗೂ ಹಿಂಗ ಅರಗ ಐತೇನ್ರಿ? ಇದ್ರ ಸಮಾ ಆತು. ಇಲ್ಲಂದ್ರ ಪಾಲು ಇನ್ನೊಮ್ಮಿ ಆಗ್ಲಿ. ಅವನ್ನೂ ತರ್ರಿ, ಕಾಕಾನ ಕೈಯಾಗ ಕೊಟ್ಟ ನೋಡೂಣ.”

“ತರ್ರಿ, ತರ್ರಿ! ಒಲಿ ಇನ್ನೂ ಬಿಸಿ ಐತಿ!” ಮಂದಿಯೊಳಗಿಂದ ಯಾರೋ ಅಂದರು. ನಗೆ ಬೀದಿಯುದ್ದಕ್ಕೂ ಹೋಯಿತು. ಮೆಟ್ಟಿಲ ಮೇಲೆ ನಿಂತಿದ್ದ ಪಕ್ಕದಂಗಡಿಯ ಮಾಲೀಕನೂ ನಕ್ಕು, “ಕಾಕಾ, ಇದ ಆದ ಮ್ಯಾಲ ನಮ್ಮ ಕಡೆ ಬರ್ರಿ, ನಾಕು ಮೂಸಿ ಅದಾವ,” ಅನ್ನುತ್ತಾನೆ.

ಲಾಡಸಾಬರು ಇನ್ನೂ ಬೆಚ್ಚಗಿರುವ ಗಟ್ಟಿಯನ್ನೂ ಕೊನೆಯ ಗುಂಡಿನ ತಗಡನ್ನೂ ಸಿದ್ದವ್ವನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚುತ್ತಾರೆ. ಇಕ್ಕಳ, ಊದುಗೊಳವೆ, ಮೂಸೆಗಳನ್ನು ಅರಿವೆಯಲ್ಲಿ ಕಟ್ಟಿ ಹೆಗಲಿಗೇರಿಸುತ್ತಾರೆ.

“ಏ ಮುದುಕಾ!” ಶಂಕರಲಿಂಗನ ದನಿ ಈಗ ಬಿರಿದಿದೆ. “ನಾ ಬರೂ ತನಕ ನಿಲ್ಲಾಕ ಏನಾಗಿತ್ತ ನಿನಗ? ಮನಿ ಒಡ್ಯಾಕ ಕುಂತೀ ಏನ ಇಲ್ಲಿ? ಹೇಳು, ಯಾರ ಹೇಳಿದ್ರು ನಿನಗ ಒಡದ ತೋರ್ಸಂತ? ಹೇಳಲೇ!”

ಈಗ ಒಲೆಯ ಮೇಲೆ ಮೂಸೆಯಿಲ್ಲ. ಬೇಕಾದರೆ ಮಾತಾಡಬಹುದಿತ್ತು. ಲಾಡಸಾಬರು ಅವನ ಕಡೆ ತಿರುಗಿಯೂ ನೋಡದೆ ಕಟ್ಟೆ ಇಳಿದರು. ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ಅವರು ನೆಟ್ಟಗೆ ನಡೆದು ಪಕ್ಕದಂಗಡಿಯ ಮೆಟ್ಟಿಲು ಹತ್ತಿದರು.